ಬಡವನ ಗೋಡೆಗೆ ಬಣ್ಣ ಬಂದ ಬಗೆ



ಯೇಸುವಿನ ಪವಿತ್ರ ಹೃದಯದ ಪಟವಿಲ್ಲದ ಕ್ರೈಸ್ತ ಮನೆ ನಮ್ಮಲ್ಲಿ ಅಪರೂಪ. ಪಟದ ಪಕ್ಕದಲ್ಲಿ ವೇಳಾಂಗಣ್ಣಿ ಮಾತೆಯ ಕ್ಯಾಲೆಂಡರು, ಜಪದ ಪುಸ್ತಕದೊಳಗೆ ಸಂತ ಅಂತೋಣಿಯವರ ಪುಟ್ಟ ಚಿತ್ರ, ಕಿಟಕಿಯ ಸಂದಿಯಲ್ಲಿ ಸಿಕ್ಕಿಸಿಟ್ಟ ಯಾರದೋ ಮದುವೆಯ ಆಮಂತ್ರಣ. ಕೂಲಿ ಮಾಡಿ ಬದುಕುವವರ ಮನೆಯಲ್ಲೂ ಇಷ್ಟು ಬಣ್ಣ ಇದ್ದೇ ಇರುತ್ತದೆ. ನಾವು ಇದನ್ನು ಸಹಜವೆಂದೇ ತಿಳಿದಿದ್ದೇವೆ.

ಆದರೆ ಇನ್ನೂರೈವತ್ತು ವರ್ಷಗಳ ಹಿಂದೆ ಯೂರೋಪಿನ ಬಡವನಿಗೂ ಈ ಭಾಗ್ಯವಿರಲಿಲ್ಲ. ತುಂಬು ಬಣ್ಣದ ಚಿತ್ರವನ್ನು ನೋಡಬೇಕಾದರೆ ಅವನು ದೇವಾಲಯಕ್ಕೆ ಬರಬೇಕಿತ್ತು. ಅವನ ಮನೆಯಲ್ಲಿ ಬಹಳವೆಂದರೆ ಮರದ ಅಚ್ಚಿನಿಂದ ಒತ್ತಿದ ಕಪ್ಪು ಗೆರೆಯ ಚಿತ್ರವೊಂದು, ಅದರ ಮೇಲೆ ಕುಂಚದಿಂದ ಬಳಿದ ಒಂದೆರಡು ಬಣ್ಣ ಇರುತ್ತಿತ್ತು. ಇಂದು ನಮ್ಮ ಮನೆಗಳಲ್ಲಿರುವ ಎಷ್ಟೋ ಪವಿತ್ರ ಹೃದಯದ ಪಟಗಳಿಗೆ ಮೂಲವಾದದ್ದು ಪೊಂಪೇಯೊ ಬತೋನಿ ಎಂಬ ಕಲಾವಿದರು 1760ರ ದಶಕದಲ್ಲಿ ಬರೆದ ಚಿತ್ರ. ಅದು ರೋಮ್ ನಗರದ ಜೇಸು ದೇವಾಲಯದಲ್ಲಿದೆ. ಅಲ್ಲಿಂದ ನಮ್ಮ ಗೋಡೆಯವರೆಗೆ ಆ ಚಿತ್ರ ಬರಬೇಕಾದರೆ ಒಂದು ಕಲ್ಲು, ಸ್ವಲ್ಪ ನೀರು, ಒಂದು ರಬ್ಬರಿನ ಹಾಳೆ ಮತ್ತು ನಾಲ್ಕು ಬಣ್ಣದ ಮಸಿ ಬೇಕಾದವು. ಆ ಕಥೆಯನ್ನು ತಿಳಿದುಕೊಳ್ಳೋಣ.

ಅಗಸಗಿತ್ತಿಯ ಬಟ್ಟೆಯ ಪಟ್ಟಿ

ಆಲೋಯಿಸ್ ಸೆನೆಫೆಲ್ಡರ್ 1771ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದವರು. ತಂದೆ ಮ್ಯೂನಿಕ್ ನಗರದಲ್ಲಿ ನಾಟಕದ ನಟರಾಗಿದ್ದರು. ತಂದೆ ತೀರಿಕೊಂಡಾಗ ಮಗನ ಕಾನೂನು ವ್ಯಾಸಂಗ ಅರ್ಧಕ್ಕೆ ನಿಂತಿತು, ಮನೆಯ ಭಾರ ಹೆಗಲಿಗೆ ಬಿತ್ತು. ನಾಟಕ ಬರೆದು ಬದುಕಬೇಕೆಂದರೆ ಅದನ್ನು ಅಚ್ಚು ಹಾಕಿಸುವ ಖರ್ಚೇ ಸಂಪಾದನೆಯನ್ನು ನುಂಗುತ್ತಿತ್ತು. ತಾವೇ ಅಚ್ಚು ಹಾಕೋಣವೆಂದು ಹೊರಟರೆ ತಾಮ್ರದ ತಗಡಿಗೂ ಕೈಯಲ್ಲಿ ಕಾಸಿಲ್ಲ. ಆಗ ಅವರು ಬವೇರಿಯ ಪ್ರಾಂತ್ಯದಲ್ಲಿ ಅಗ್ಗವಾಗಿ ಸಿಗುತ್ತಿದ್ದ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಅಕ್ಷರಗಳನ್ನು ತಿರುವುಮುರುವಾಗಿ ಬರೆಯುವ ಅಭ್ಯಾಸ ಮಾಡತೊಡಗಿದರು.

1796ರಲ್ಲಿ ಒಂದು ದಿನ ಅಗಸಗಿತ್ತಿ ಬಟ್ಟೆ ಒಯ್ಯಲು ಬಂದು ನಿಂತಿದ್ದಳು. ಬಟ್ಟೆಯ ಲೆಕ್ಕ ಬರೆದುಕೊಡು ಎಂದು ತಾಯಿ ಮಗನಿಗೆ ಹೇಳಿದರು. ಮನೆಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ, ಮಾಮೂಲು ಮಸಿಯೂ ಒಣಗಿಹೋಗಿತ್ತು. ಮೇಣ, ಸಾಬೂನು, ದೀಪದ ಕಾಡಿಗೆ ಸೇರಿಸಿ ತಾವೇ ಮಾಡಿಕೊಂಡಿದ್ದ ಮಸಿಯಿಂದ ಸೆನೆಫೆಲ್ಡರ್ ಆ ಲೆಕ್ಕವನ್ನು ಕಲ್ಲಿನ ಮೇಲೆಯೇ ಬರೆದಿಟ್ಟರು. ಅದನ್ನು ಅಳಿಸುವ ಮುನ್ನ, ಇದರ ಮೇಲೆ ಆಮ್ಲ ಸುರಿದರೆ ಏನಾದೀತು ಎಂಬ ಕುತೂಹಲ ಹುಟ್ಟಿತು. ಬರೆದ ಭಾಗವನ್ನು ಮಸಿ ಕಾಪಾಡಿತು, ಸುತ್ತಲಿನ ಕಲ್ಲು ಸ್ವಲ್ಪ ಸವೆಯಿತು, ಅಕ್ಷರಗಳು ಕೊಂಚ ಮೇಲೆದ್ದು ನಿಂತವು. ಈ ಪ್ರಸಂಗವನ್ನು ಅವರೇ 1818ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ.

ಎಣ್ಣೆ ಮತ್ತು ನೀರು

ನಿಜವಾದ ಆವಿಷ್ಕಾರ ಆದದ್ದು ಇನ್ನೆರಡು ವರ್ಷಗಳ ಮೇಲೆ, 1798ರ ಸುಮಾರಿಗೆ. ಅಕ್ಷರಗಳು ಮೇಲೇಳುವ ಅಗತ್ಯವೇ ಇಲ್ಲವೆಂದು ಸೆನೆಫೆಲ್ಡರ್ ಕಂಡುಕೊಂಡರು. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬುದು ನಮ್ಮ ಅಡುಗೆಮನೆಯಲ್ಲೂ ಗೊತ್ತಿರುವ ಸಂಗತಿ. ಜಿಡ್ಡಿನ ಮಸಿಯಿಂದ ಕಲ್ಲಿನ ಮೇಲೆ ಚಿತ್ರ ಬರೆಯಬೇಕು. ಆಮೇಲೆ ಗೋಂದು ಮತ್ತು ಸ್ವಲ್ಪ ಆಮ್ಲ ಬೆರೆಸಿದ ದ್ರಾವಣವನ್ನು ಕಲ್ಲಿಗೆ ಸವರಬೇಕು. ಈಗ ಕಲ್ಲನ್ನು ಒದ್ದೆ ಮಾಡಿದರೆ ಖಾಲಿ ಜಾಗ ನೀರನ್ನು ಹಿಡಿದುಕೊಳ್ಳುತ್ತದೆ, ಬರೆದ ಜಾಗ ನೀರನ್ನು ದೂರ ತಳ್ಳುತ್ತದೆ. ಅದರ ಮೇಲೆ ಎಣ್ಣೆಯ ಮಸಿ ಹಚ್ಚಿದ ರೋಲರ್ ಉರುಳಿಸಿದಾಗ, ಬರೆದ ಜಾಗಕ್ಕೆ ಮಾತ್ರ ಮಸಿ ಅಂಟುತ್ತದೆ. ಕಾಗದವಿಟ್ಟು ಒತ್ತಿದರೆ ಚಿತ್ರ ಸಿದ್ಧ. ಹಳ್ಳವೂ ಇಲ್ಲ, ದಿಬ್ಬವೂ ಇಲ್ಲ. ಸಮತಟ್ಟಾದ ಕಲ್ಲೇ ಚಿತ್ರ ಕೊಡುತ್ತದೆ. ಇದೇ ಕಲ್ಲಚ್ಚು, ಅಂದರೆ ಲಿಥೊಗ್ರಫಿ.

ಆ ಸೀಮೆಯ ಸೋಲ್ನ್‌ಹೋಫೆನ್ ಕಲ್ಲು ಅದೆಷ್ಟು ನುಣುಪೆಂದರೆ, ಕೋಟ್ಯಂತರ ವರ್ಷಗಳ ಹಿಂದಿನ ಹಕ್ಕಿಯ ಗರಿಯ ಗುರುತು ಕೂಡ ಅದರಲ್ಲಿ ಅಳಿಯದೆ ಉಳಿದಿದೆ. ಆ ಪಳೆಯುಳಿಕೆಗೆ 1861ರಲ್ಲಿ ಹೆಸರಿಡುವಾಗ ವಿಜ್ಞಾನಿಗಳು ಕಲ್ಲಚ್ಚಿನ ನೆನಪನ್ನೂ ಸೇರಿಸಿ 'ಆರ್ಕಿಯಾಪ್ಟೆರಿಕ್ಸ್ ಲಿಥೊಗ್ರಾಫಿಕಾ' ಎಂದು ಕರೆದರು.

ಕಲ್ಲು ಕನ್ನಡ ಕಲಿತದ್ದು

ಈ ವಿದ್ಯೆ ನಮ್ಮ ನಾಡಿಗೂ ಬಂತು. 1841ರಲ್ಲಿ ಬಾಸೆಲ್ ಮಿಷನ್ನಿನ ಪ್ರೊಟೆಸ್ಟೆಂಟ್ ಸಹೋದರರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಆರಂಭಿಸಿದರು. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಅವರು ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ವೃತ್ತಪತ್ರಿಕೆ. ಆ ದಿನವನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಆ ಪತ್ರಿಕೆ ಅಚ್ಚಾದದ್ದು ಕಲ್ಲಿನ ಮೇಲೆಯೇ.

ಕಲ್ಲೇ ಏಕೆ? ನಮ್ಮ ಲಿಪಿಯನ್ನು ನೆನೆಸಿಕೊಳ್ಳಿ. ಕಾಗುಣಿತ, ಒತ್ತು, ಕೊಂಬು, ದೀರ್ಘ ಎಲ್ಲ ಸೇರಿದರೆ ಸೀಸದ ಅಚ್ಚುಮೊಳೆಗಳನ್ನು ನೂರಾರು ಬಗೆಯಲ್ಲಿ ಎರಕ ಹೊಯ್ಯಬೇಕು. ಕಲ್ಲಿಗೆ ಈ ಯಾವ ಗೋಜೂ ಇಲ್ಲ. ಅಕ್ಷರ ದುಂಡಗೆ ಬರೆಯಬಲ್ಲ ಒಬ್ಬ ಲಿಪಿಕಾರ ಇದ್ದರೆ ಸಾಕು. 1848ರಿಂದ ಮೊಗ್ಲಿಂಗ್ ಅವರು ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮುಂತಾದ ಕನ್ನಡ ಕೃತಿಗಳನ್ನು 'ಬಿಬ್ಲಿಯೊಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಮಂಗಳೂರಿನ ಕಲ್ಲಚ್ಚಿನಲ್ಲೇ ಹೊರತಂದರು. ಓಲೆಗರಿಯಲ್ಲಿದ್ದ ಕಾವ್ಯ ಪುಸ್ತಕವಾಗಿ ಓದುಗನ ಕೈ ಸೇರಿತು. ಪರಧರ್ಮದ ಗ್ರಂಥಗಳನ್ನೂ ಅಷ್ಟೇ ಅಕ್ಕರೆಯಿಂದ ಅಚ್ಚು ಹಾಕಿದ ಆ ಔದಾರ್ಯವನ್ನು ನಾವು ಮರೆಯಬಾರದು. ಹಾಗೆಯೇ, ಮುತ್ತಿನಂಥ ಅಕ್ಷರ ಬರೆದುಕೊಟ್ಟ ಆ ಲಿಪಿಕಾರರನ್ನೂ ಮರೆಯಬಾರದು.

ಬಣ್ಣಕ್ಕೊಂದು ಕಲ್ಲು

ಇಷ್ಟಾದರೂ ಕಲ್ಲಚ್ಚು ಹೆಚ್ಚಾಗಿ ಒಂದೇ ಬಣ್ಣದ್ದಾಗಿತ್ತು. 1837ರಲ್ಲಿ ಫ್ರಾನ್ಸಿನ ಮ್ಯೂಲೂಸ್ ನಗರದ ಗೊಡೆಫ್ರಾ ಏಂಗಲ್ಮಾನ್ ಬಹುವರ್ಣದ ಕಲ್ಲಚ್ಚಿಗೆ ಹಕ್ಕುಪತ್ರ ಪಡೆದರು. ವಿಧಾನ ಸರಳ, ಶ್ರಮ ಮಾತ್ರ ಅಪಾರ. ಕೆಂಪಿಗೊಂದು ಕಲ್ಲು, ನೀಲಿಗೊಂದು ಕಲ್ಲು, ತಿಳಿಗುಲಾಬಿಗೆ ಇನ್ನೊಂದು. ಒಳ್ಳೆಯ ಚಿತ್ರಕ್ಕೆ ಹತ್ತು, ಹದಿನೈದು, ಕೆಲವೊಮ್ಮೆ ಇಪ್ಪತ್ತಕ್ಕೂ ಹೆಚ್ಚು ಕಲ್ಲುಗಳು ಬೇಕಾಗುತ್ತಿದ್ದವು. ಒಂದೇ ಹಾಳೆ ಅಷ್ಟೂ ಸಲ ಯಂತ್ರಕ್ಕೆ ಹೋಗಿ ಬರಬೇಕು, ಪ್ರತಿ ಸಲವೂ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕೂರಬೇಕು. ಯಾವ ಬಣ್ಣ ಎಲ್ಲಿ ಎಷ್ಟು ಎಂಬುದನ್ನು ಕಲಾವಿದನ ಕಣ್ಣೇ ತೀರ್ಮಾನಿಸಬೇಕಿತ್ತು.

ಆದರೂ ಬೆಲೆ ಇಳಿಯಿತು. ಕಲ್ಲು ಸಿದ್ಧವಾದ ಮೇಲೆ ಸಾವಿರಾರು ಪ್ರತಿ ತೆಗೆಯಬಹುದಾಗಿತ್ತಲ್ಲ! ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿನಲ್ಲಿ ಸಂತರ ಬಣ್ಣದ ಚಿತ್ರಗಳು ಜನಸಾಮಾನ್ಯರ ಜಪದ ಪುಸ್ತಕ ಸೇರಿದವು. ನಮ್ಮ ದೇಶದಲ್ಲೂ ಹೀಗೆಯೇ ಆಯಿತು. ರಾಜಾ ರವಿವರ್ಮ ಅವರು 1894ರಲ್ಲಿ ಮುಂಬಯಿಯಲ್ಲಿ ಜರ್ಮನಿಯ ತಂತ್ರಜ್ಞರ ನೆರವಿನಿಂದ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ, ನಮ್ಮ ಹಿಂದೂ ಬಾಂಧವರ ಮನೆಗಳಿಗೂ ಲಕ್ಷ್ಮಿ, ಸರಸ್ವತಿಯರ ಪಟಗಳು ಬಂದವು. ಅರಮನೆಯಲ್ಲಿದ್ದ ಚಿತ್ರ ಹಟ್ಟಿಗೆ ಇಳಿಯಿತು.

ರಬ್ಬರಿನ ಮೇಲೆ ಉಳಿದ ಗುರುತು

ಕಲ್ಲು ಭಾರ, ಕಲ್ಲಿನ ಯಂತ್ರ ನಿಧಾನ. ಕಲ್ಲಿನ ಬದಲು ಬಾಗಿಸಬಹುದಾದ ಸತುವಿನ, ಆಮೇಲೆ ಅಲ್ಯುಮಿನಿಯಂನ ತೆಳು ಪ್ಲೇಟು ಬಂತು. ಅದನ್ನು ಸಿಲಿಂಡರಿಗೆ ಸುತ್ತಿದರೆ ಯಂತ್ರ ವೇಗವಾಗಿ ತಿರುಗುತ್ತದೆ. 1875ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾರ್‌ಕ್ಲೇ ತಗಡಿನ ಡಬ್ಬಿಗಳ ಮೇಲೆ ಮುದ್ರಿಸಲು ಒಂದು ಉಪಾಯ ಮಾಡಿದ್ದರು: ಮೊದಲು ಚಿತ್ರ ಬೇರೊಂದು ಸಿಲಿಂಡರಿನ ಮೇಲೆ ಬೀಳುವುದು, ಅಲ್ಲಿಂದ ತಗಡಿನ ಮೇಲೆ.

ಕಾಗದಕ್ಕೆ ಈ ಉಪಾಯ ಸಿಕ್ಕಿದ್ದು 1904ರ ಸುಮಾರಿಗೆ, ಅಮೆರಿಕದ ನ್ಯೂಜೆರ್ಸಿಯಲ್ಲಿ. ಆಯ್ರಾ ರೂಬೆಲ್ ಎಂಬ ಮುದ್ರಕರ ಯಂತ್ರದಲ್ಲಿ ಕಾಗದವನ್ನು ಒತ್ತುವ ಸಿಲಿಂಡರಿಗೆ ರಬ್ಬರಿನ ಹೊದಿಕೆಯಿತ್ತು. ಕೆಲಸದಾಳು ಒಂದು ಹಾಳೆ ಕೊಡುವುದನ್ನು ತಪ್ಪಿಸಿದರೆ ಚಿತ್ರ ರಬ್ಬರಿನ ಮೇಲೆ ಬೀಳುತ್ತಿತ್ತು. ಮುಂದಿನ ಹಾಳೆಯ ಹಿಂಬದಿಗೂ ಅದು ಅಂಟಿ ಆ ಹಾಳೆ ಹಾಳಾಗುತ್ತಿತ್ತು. ಕಸಕ್ಕೆ ಎಸೆಯಬೇಕಾದ ಆ ಹಾಳೆಯನ್ನು ರೂಬೆಲ್ ಗಮನವಿಟ್ಟು ನೋಡಿದರು. ಪ್ಲೇಟಿನಿಂದ ನೇರವಾಗಿ ಬಂದ ಚಿತ್ರಕ್ಕಿಂತ ರಬ್ಬರಿನಿಂದ ಬಂದ ಚಿತ್ರವೇ ಹೆಚ್ಚು ಸ್ಪಷ್ಟವಾಗಿತ್ತು! ರಬ್ಬರು ಮೆತ್ತಗಿರುವುದರಿಂದ ಕಾಗದದ ತಗ್ಗು ಉಬ್ಬುಗಳಿಗೆಲ್ಲ ಹೊಂದಿಕೊಳ್ಳುತ್ತದೆ. ಪ್ಲೇಟಿನಿಂದ ರಬ್ಬರಿಗೆ, ರಬ್ಬರಿನಿಂದ ಕಾಗದಕ್ಕೆ: ಇದೇ ಆಫ್‌ಸೆಟ್ ಮುದ್ರಣ. ಪ್ಲೇಟಿನ ಮೇಲೆ ಅಕ್ಷರ ನೇರವಾಗಿಯೇ ಇರುತ್ತದೆ, ರಬ್ಬರಿನ ಮೇಲೆ ತಿರುವುಮುರುವಾಗುತ್ತದೆ, ಕಾಗದದ ಮೇಲೆ ಮತ್ತೆ ನೇರವಾಗುತ್ತದೆ. ಇಂದಿಗೂ ಆಫ್‌ಸೆಟ್ ಯಂತ್ರದಲ್ಲಿ ನೀರಿನ ರೋಲರ್ ಬೇರೆ, ಮಸಿಯ ರೋಲರ್ ಬೇರೆ. ಆ ನೀರಿಗೆ ಗೋಂದು ಬೆರೆಸುವ ಸೆನೆಫೆಲ್ಡರ್ ಅವರ ಪದ್ಧತಿಯೂ ಉಳಿದುಬಂದಿದೆ.

ನಾಲ್ಕು ಮಸಿ, ಸಾವಿರ ಬಣ್ಣ

ಇಪ್ಪತ್ತು ಕಲ್ಲುಗಳ ಕೆಲಸವನ್ನು ನಾಲ್ಕು ಪ್ಲೇಟು ಮಾಡುವುದು ಹೇಗೆ? ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಲೆ ಬ್ಲಾನ್ ಎಂಬ ಕಲಾವಿದರು ಹದಿನೆಂಟನೆಯ ಶತಮಾನದ ಆರಂಭದಲ್ಲೇ ಕೆಂಪು, ಹಳದಿ, ನೀಲಿ ಎಂಬ ಮೂರು ತಗಡುಗಳಿಂದ ಎಲ್ಲ ಬಣ್ಣ ತೆಗೆಯಲು ಯತ್ನಿಸಿದ್ದರು. 1861ರಲ್ಲಿ ವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಲಂಡನ್ನಿನಲ್ಲಿ, ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಸೇರಿಸಿದರೆ ಬಣ್ಣದ ಚಿತ್ರ ಮೂಡುತ್ತದೆ ಎಂದು ತೋರಿಸಿದರು. ಫ್ರಾನ್ಸಿನ ಲೂಯಿ ದ್ಯುಕೊ ದು ಓರಾನ್ 1868ರಲ್ಲಿ ಇದನ್ನು ಮಸಿಗೆ ಅನ್ವಯಿಸುವ ದಾರಿ ತೋರಿದರು.

ಬಿಳಿ ಕಾಗದ ಎಲ್ಲ ಬೆಳಕನ್ನೂ ನಮ್ಮ ಕಣ್ಣಿಗೆ ಹಿಂದಿರುಗಿಸುತ್ತದೆ. ಸಯಾನ್ ಎಂಬ ಹಸಿರುಮಿಶ್ರಿತ ನೀಲಿ ಮಸಿ ಅದರೊಳಗಿನ ಕೆಂಪು ಬೆಳಕನ್ನು ಹೀರುತ್ತದೆ, ಮೆಜೆಂಟಾ ಎಂಬ ನೇರಳೆಗೆಂಪು ಮಸಿ ಹಸಿರು ಬೆಳಕನ್ನು ಹೀರುತ್ತದೆ, ಹಳದಿ ಮಸಿ ನೀಲಿ ಬೆಳಕನ್ನು ಹೀರುತ್ತದೆ. ಮೆಜೆಂಟಾ ಮತ್ತು ಹಳದಿ ಸೇರಿದರೆ ಪವಿತ್ರ ಹೃದಯದ ಕೆಂಪು. ಸಯಾನ್ ಮತ್ತು ಮೆಜೆಂಟಾ ಸೇರಿದರೆ ಮಾತೆ ಮರಿಯಮ್ಮನವರ ನಿಲುವಂಗಿಯ ನೀಲಿ. ಸಯಾನ್ ಮತ್ತು ಹಳದಿ ಸೇರಿದರೆ ಗರಿಕೆಯ ಹಸಿರು. ಮೂರೂ ಸೇರಿದರೆ ಕಪ್ಪಾಗಬೇಕು, ಆದರೆ ಮಸಿ ಪರಿಶುದ್ಧವಲ್ಲದ ಕಾರಣ ಕೆಸರಿನಂಥ ಕಂದು ಬರುತ್ತದೆ. ಅದಕ್ಕಾಗಿ ನಾಲ್ಕನೆಯದಾಗಿ ಕಪ್ಪು ಮಸಿ.

ಇನ್ನೊಂದು ತೊಡಕಿತ್ತು. ಯಂತ್ರಕ್ಕೆ ಮಸಿ ಹಚ್ಚುವುದು ಗೊತ್ತು, ಹಚ್ಚದಿರುವುದು ಗೊತ್ತು. ತೆಳುವಾಗಿ ಹಚ್ಚುವುದು ಗೊತ್ತಿಲ್ಲ. ಹಾಗಾದರೆ ತಿಳಿಗೆಂಪು ಬರುವುದೆಂತು? ಚಿತ್ರವನ್ನು ಚುಕ್ಕೆಗಳಾಗಿ ಒಡೆಯುವುದೇ ಇದಕ್ಕೆ ಪರಿಹಾರ. ಮ್ಯೂನಿಕ್ ನಗರದ ಗೆಯೋರ್ಗ್ ಮೈಸೆನ್‌ಬಾಖ್ 1882ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದರು. ಚುಕ್ಕೆ ದೊಡ್ಡದಾದರೆ ಬಣ್ಣ ಗಾಢ, ಚಿಕ್ಕದಾದರೆ ಸುತ್ತಲಿನ ಬಿಳಿ ಬೆರೆತು ತಿಳಿ. ನುಣುಪಾದ ಆರ್ಟ್ ಪೇಪರಿನಲ್ಲಿ ಸಾಮಾನ್ಯವಾಗಿ ಒಂದು ಅಂಗುಲಕ್ಕೆ 150 ಸಾಲು ಚುಕ್ಕೆಗಳಿರುತ್ತವೆ. ನಾಲ್ಕು ಬಣ್ಣದ ಸಾಲುಗಳನ್ನು ಬೇರೆ ಬೇರೆ ಕೋನದಲ್ಲಿ ಓರೆಯಾಗಿ ಇಡುತ್ತಾರೆ. ಇಲ್ಲದಿದ್ದರೆ ಚಿತ್ರದ ಮೇಲೆ ಬಲೆ ಹಾಸಿದಂತೆ ಕಾಣುತ್ತದೆ. ಕಾಗದದ ಮೇಲಿರುವುದು ಚುಕ್ಕೆ ಮಾತ್ರ, ಅವುಗಳನ್ನು ಕೂಡಿಸಿ ಮುಖವನ್ನಾಗಿ ನೋಡುವುದು ನಮ್ಮ ಕಣ್ಣು.

ಸ್ಮರಣ ಸಂಚಿಕೆಯ ಮುಖಗಳು

ಇದನ್ನೆಲ್ಲ ತಿಳಿದು ನಮಗೇನು ಲಾಭ ಎಂದು ನೀವು ಕೇಳಬಹುದು. ನಮ್ಮ ಧರ್ಮಕೇಂದ್ರಗಳು ಬೆಳ್ಳಿಹಬ್ಬ, ಸುವರ್ಣ ಮಹೋತ್ಸವಗಳಿಗೆ ಸ್ಮರಣ ಸಂಚಿಕೆ ತರುತ್ತವೆ. ಜನ ತಮ್ಮ ದುಡಿಮೆಯ ಹಣವನ್ನು ಅದಕ್ಕೆ ಕೊಡುತ್ತಾರೆ. ಎಷ್ಟೋ ಕುಟುಂಬಗಳಿಗೆ ತೀರಿಕೊಂಡ ಅಜ್ಜ ಅಜ್ಜಿಯ ಮುಖ ಅಚ್ಚಾಗುವುದು ಅದೊಂದೇ ಪುಸ್ತಕದಲ್ಲಿ. ಆ ಮುಖ ಮಸುಕಾಗಿ ಬಂದರೆ ಮನೆಯವರಿಗೆ ಆಗುವ ನೋವು ಸಣ್ಣದಲ್ಲ.

ಕಂಪ್ಯೂಟರಿನ ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಕಾಗದ ಮಸಿಯಿಂದ ತೋರಿಸುತ್ತದೆ. ಪರದೆಯ ಹೊಳೆಯುವ ಬಣ್ಣಗಳೆಲ್ಲ ಮಸಿಗೆ ಎಟಕುವುದಿಲ್ಲ. ಆದ್ದರಿಂದ ಪರದೆ ನೋಡಿ ಒಪ್ಪಿಗೆ ಕೊಡದೆ, ಕಾಗದದ ಮೇಲಿನ ಪ್ರೂಫನ್ನು ಹಗಲು ಬೆಳಕಿನಲ್ಲಿ ನೋಡಬೇಕು. ಮೊಬೈಲಿನಲ್ಲಿ ಕೈಯಿಂದ ಕೈಗೆ ದಾಟಿ ಬಂದ ಫೋಟೊ ಕುಗ್ಗಿರುತ್ತದೆ, ಮೂಲ ಫೋಟೊವನ್ನೇ ಕೊಡಬೇಕು. ಒರಟು ಕಾಗದದಲ್ಲಿ ಚುಕ್ಕೆ ಹರಡಿ ಚಿತ್ರ ಕಪ್ಪಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಮುಖದ ಅಂಚಿನಲ್ಲಿ ಕೆಂಪು ಅಥವಾ ನೀಲಿ ನೆರಳು ಕಂಡರೆ ನಾಲ್ಕು ಪ್ಲೇಟುಗಳು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ ಎಂದು ಅರ್ಥ.

ಇನ್ನೊಂದು ಮಾತು. ನಮ್ಮ ಕಂದು ಮೈಬಣ್ಣಕ್ಕೆ ಹಳದಿ ಮತ್ತು ಮೆಜೆಂಟಾ ಹೆಚ್ಚು ಬೇಕು, ಸಯಾನ್ ಕಡಿಮೆ, ಕಪ್ಪು ಸ್ವಲ್ಪ. ಈ ನಾಲ್ಕೂ ಹದವಾಗಿದ್ದರೆ ಬಿಸಿಲಲ್ಲಿ ದುಡಿದ ಅಜ್ಜನ ಮುಖ ಇದ್ದಂತೆಯೇ ಬರುತ್ತದೆ. ಆದರೆ 'ಸ್ವಲ್ಪ ಬೆಳ್ಳಗೆ ಮಾಡಿಕೊಡಿ' ಎಂದು ನಾವೇ ಕೇಳುತ್ತೇವೆ. ಆಗ ಚುಕ್ಕೆಗಳು ಸಣ್ಣದಾಗುತ್ತವೆ, ಕೆನ್ನೆಯ ಗೆರೆಗಳು ಅಳಿಯುತ್ತವೆ, ಅಜ್ಜ ಬೇರೆ ಯಾರೋ ಆಗಿಬಿಡುತ್ತಾರೆ. ದೇವರು ಕೊಟ್ಟ ಬಣ್ಣವನ್ನು ಅಳಿಸಿ ಅಚ್ಚು ಹಾಕಿಸಿದರೆ ಅದು ಸ್ಮರಣೆ ಹೇಗಾದೀತು?

ಬಡತನದಲ್ಲಿ ಹುಟ್ಟಿದ ವಿದ್ಯೆ ಬಡವರ ಗೋಡೆಗೆ ಬಣ್ಣ ತಂದಿತು. ಅದರ ಹಿಂದೆ ಹೆಸರಿಲ್ಲದ ಲಿಪಿಕಾರರು, ಕಲ್ಲು ಹೊತ್ತವರು, ಯಂತ್ರದ ಮುಂದೆ ನಿಂತು ಹಾಳೆ ಹಾಳೆಯನ್ನೂ ಪರೀಕ್ಷಿಸಿದವರು ಇದ್ದಾರೆ. ಮುಂದಿನ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು, ಒಂದು ಭೂತಗನ್ನಡಿ ಹಿಡಿದು ಮನೆಯ ಕ್ಯಾಲೆಂಡರನ್ನು ನೋಡಿ. ನಾಲ್ಕು ಬಣ್ಣದ ಚುಕ್ಕೆಗಳನ್ನು ಅವರಿಗೆ ತೋರಿಸಿ, ಈ ಕಥೆ ಹೇಳಿ. ವರ್ಷ ಮುಗಿದ ಮೇಲೆ ಆ ಪಟವನ್ನು ಕಸದ ಬುಟ್ಟಿಗೆ ಹಾಕುವ ಮುನ್ನ ಅವರೇ ಒಂದು ಕ್ಷಣ ಯೋಚಿಸಿಯಾರು.