ಪ್ರನಾಳ ಬಿಟ್ಟು ಕಡತ ಹಿಡಿದವನು

ರೈನ್ ನದಿಯ ಈ ಸೀಮೆಗೆ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಲು ಬರುವ ನಮ್ಮ ಹುಡುಗ ಹುಡುಗಿಯರು ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗುವಷ್ಟರಲ್ಲಿ ಒಂದೇ ಪ್ರಶ್ನೆ ಕೇಳುತ್ತಾರೆ. ಸಂಶೋಧನೆಯಲ್ಲೇ ಉಳಿಯುವುದೋ, ಮ್ಯಾನೇಜ್‌ಮೆಂಟ್ ಕಡೆ ಹೊರಳುವುದೋ? ಬಿ.ಕಾಂ., ಸಿ.ಎ. ಓದಿದ ನಾನು ಸಂಬಳದ ಲೆಕ್ಕವನ್ನಷ್ಟೇ ಹೇಳಬಲ್ಲೆ. ಆದರೆ ಈ ದಾರಿಯಲ್ಲಿ ಬಹಳ ಮುಂಚೆಯೇ ನಡೆದ ಒಬ್ಬನ ಕಥೆ ಇದೇ ಸೀಮೆಯಲ್ಲಿದೆ.

ಕಾರ್ಲ್ ಡ್ಯೂಸ್‌ಬರ್ಗ್ ಹುಟ್ಟಿದ್ದು 1861ರಲ್ಲಿ, ಬಾರ್ಮೆನ್ ಪಟ್ಟಣದ ರಿಬ್ಬನ್ ನೇಯುವವರ ಮನೆಯಲ್ಲಿ. ಯೇನಾದಲ್ಲಿ ಡಾಕ್ಟರೇಟ್ ಪಡೆದ ಮೇಲೆ ಬೇಯರ್ ಕಂಪನಿ ಅವನನ್ನು ಎತ್ತಿಕೊಂಡಿತು. ಆಸ್ಪಿರಿನ್ ಇನ್ನೂ ಹುಟ್ಟಿರಲಿಲ್ಲ. ಬೇಯರ್ ಆಗ ಬಟ್ಟೆಗೆ ಬಣ್ಣ ತಯಾರಿಸುತ್ತಿದ್ದ ಕಂಪನಿ. ಅದರ ಹಳೆಯ ರಸಾಯನಜ್ಞನೊಬ್ಬ ಕಾಂಗೋ ರೆಡ್ ಎಂಬ ಬಣ್ಣ ಕಂಡುಹಿಡಿದು, ಪೇಟೆಂಟನ್ನು ಎದುರಾಳಿ ಆಗ್ಫಾ ಕಂಪನಿಗೆ ಮಾರಿದ್ದ. ಅದಕ್ಕೆ ಸಾಟಿಯಾದ ಕೆಂಪನ್ನು ಡ್ಯೂಸ್‌ಬರ್ಗ್ 1885ರಲ್ಲಿ ಹುಡುಕಿಕೊಟ್ಟ. ವ್ಯಾಜ್ಯ ಎದ್ದಿತು, ಕೊನೆಗೆ ರಾಜಿಯಾಯಿತು. ಪ್ರನಾಳದಲ್ಲಿ ಸಿಕ್ಕಿದ್ದನ್ನು ಉಳಿಸಿಕೊಳ್ಳುವುದು ಮೇಜಿನ ಮುಂದೆ ಕುಳಿತವರ ಕೆಲಸ ಎಂಬುದು ಅವನಿಗೆ ತಿಳಿದದ್ದು ಆಗಲೇ ಇರಬೇಕು.

ನನಗೆ ಹೆಚ್ಚು ಇಷ್ಟವಾದದ್ದು ಕಸದ ಕಥೆ. ಬಣ್ಣ ತಯಾರಿಸುವಾಗ ಉಳಿಯುತ್ತಿದ್ದ ನೈಟ್ರೊಫೀನಾಲ್ ಕಾರ್ಖಾನೆಯ ಅಂಗಳದಲ್ಲಿ ಸುಮ್ಮನೆ ಬಿದ್ದಿತ್ತು. ಇದರಿಂದ ಏನಾದರೂ ಮಾಡಲಾದೀತೆ ಎಂದು ಡ್ಯೂಸ್‌ಬರ್ಗ್ ಕೇಳಿದ. ಅದರಿಂದ ಬಂದದ್ದು ಜ್ವರದ ಮದ್ದು ಫೆನಾಸಿಟಿನ್. 1888ರಲ್ಲಿ ಪೇಟೆಗೆ ಬಂದಿತು. ಹೀಗೆ ಬಣ್ಣದ ಕಂಪನಿ ಔಷಧದ ಕಂಪನಿಯೂ ಆಯಿತು.

ಆಮೇಲೆ ಅವನು ತಾನೇ ಪ್ರಯೋಗ ಮಾಡುವುದು ಕಡಿಮೆಯಾಯಿತು, ಇತರರಿಂದ ಮಾಡಿಸುವುದು ಹೆಚ್ಚಿತು. 1891ರಲ್ಲಿ ಎಲ್ಬರ್‌ಫೆಲ್ಡ್‌ನಲ್ಲಿ ದೊಡ್ಡ ಪ್ರಯೋಗಾಲಯ ಎದ್ದಿತು. ಬೆಂಜೀನಿನ ಉಂಗುರ ಕಂಡ ಕೆಕುಲೆ ತೀರಿಕೊಂಡ ಮೇಲೆ ಅವನ ಗ್ರಂಥಭಂಡಾರವನ್ನೇ ಕಂಪನಿ ಕೊಂಡಿತು. ಲೆಕ್ಕಿಗನಾಗಿ ಇಲ್ಲಿ ಒಂದು ಮಾತು ಸೇರಿಸಲೇಬೇಕು. ಇಂದಿಗೂ ನಮ್ಮ ಪುಸ್ತಕಗಳಲ್ಲಿ ಸಂಶೋಧನೆಯ ಹಣ ಆ ವರ್ಷದ ಖರ್ಚೇ ಹೊರತು ಆಸ್ತಿ ಎಂದು ಬರೆಯುವಂತಿಲ್ಲ. ಫಲ ಯಾವಾಗ ಬರುತ್ತದೋ ಗೊತ್ತಿಲ್ಲದ ಕೆಲಸಕ್ಕೆ ಅಷ್ಟು ಹಣ ಹೂಡಲು ಮಾಲೀಕರನ್ನು ಒಪ್ಪಿಸುವುದು ಪ್ರಯೋಗಾಲಯದ ಬಿಸಿ ತಿಳಿದವನಿಗೇ ಸಾಧ್ಯ. ಅವನ ಜಾಗದಲ್ಲಿ ನನ್ನಂಥವನು ಕುಳಿತಿದ್ದರೆ ಆ ಕಟ್ಟಡ ಏಳುತ್ತಿರಲಿಲ್ಲ.

1895ರಲ್ಲಿ ಅವನು ಬರೆದ ಟಿಪ್ಪಣಿಯೊಂದು ಕೈಗಾರಿಕಾ ಚರಿತ್ರೆಯಲ್ಲಿ ಹೆಸರಾಗಿದೆ. ಕಂಪನಿ ರೈನ್ ದಂಡೆಯಲ್ಲಿ ಲೆವರ್ಕುಸ್ ಮನೆತನದ ಬಣ್ಣದ ಕಾರ್ಖಾನೆಯನ್ನು ಕೊಂಡಿತ್ತು. ಅಲ್ಲಿ ಏನನ್ನು ಎಲ್ಲಿ ಕಟ್ಟಬೇಕು ಎಂಬುದೇ ಟಿಪ್ಪಣಿಯ ವಿಷಯ. ಕಚ್ಚಾ ವಸ್ತು ಒಂದು ಕಡೆಯಿಂದ ಒಳಬಂದು, ಹಂತ ಹಂತವಾಗಿ ಮಾರ್ಪಟ್ಟು, ಹಿಂದೆ ಮುಂದೆ ಅಲೆಯದೆ ಸರಕಾಗಬೇಕು. ರಸ್ತೆ ಅಗಲವಾಗಿರಬೇಕು, ಮುಂದೆ ಬೆಳೆಯಲು ಜಾಗ ಬಿಟ್ಟಿರಬೇಕು. ಅದು ಪ್ರಯೋಗವನ್ನು ಜೋಡಿಸುವವನ ಕಣ್ಣು. ಗಾಜಿನ ಕೊಳವೆಗಳ ಜಾಗದಲ್ಲಿ ರೈಲು ಹಳಿ ಬಂದಿತ್ತು, ಅಷ್ಟೆ. 1912ರಲ್ಲಿ ಅವನು ಕಂಪನಿಯ ಮಹಾನಿರ್ದೇಶಕನಾದ.

ಎರಡು ವರ್ಷದಲ್ಲಿ ಯುದ್ಧ ಬಂದಿತು. ಲೆವರ್ಕೂಸನ್ ಕಾರ್ಖಾನೆ ವಿಷಾನಿಲದ ಕೆಲಸಕ್ಕಿಳಿಯಿತು; ಡ್ಯೂಸ್‌ಬರ್ಗ್ ಹಿಂಜರಿಯಲಿಲ್ಲ, ಮುಂದೆ ನಿಂತ. 1916ರಲ್ಲಿ ಆಳುಗಳ ಕೊರತೆಯಾದಾಗ, ಆಕ್ರಮಿತ ಬೆಲ್ಜಿಯಂನಿಂದ ಜನರನ್ನು ತರಿಸಿ ಎಂದು ಸೇನೆಯನ್ನು ಒತ್ತಾಯಿಸಿದ ಉದ್ಯಮಿಗಳಲ್ಲಿ ಅವನೂ ಒಬ್ಬ. ಸುಮಾರು 60,000 ಬೆಲ್ಜಿಯನ್ನರನ್ನು ಬಲವಂತವಾಗಿ ಜರ್ಮನಿಗೆ ಸಾಗಿಸಲಾಯಿತು. ಲೋಕದ ವಿರೋಧ ಎದ್ದ ಮೇಲೆ 1917ರಲ್ಲಿ ಅದು ನಿಂತಿತು. ಅಂಗಳದ ಕಸದಲ್ಲಿ ಮದ್ದನ್ನು ಕಂಡ ಅದೇ ಕಣ್ಣು ಒಂದು ದೇಶದ ಜನರಲ್ಲಿ ಒಳಬರಬೇಕಾದ ಕಚ್ಚಾ ವಸ್ತುವನ್ನು ಕಂಡಿತೆಂದು ನನಗೆ ತೋರುತ್ತದೆ. ಅವನ ವಿಜ್ಞಾನ ಕೆಡಲಿಲ್ಲ. ಆದರೆ ಪ್ರಯೋಗಾಲಯದಲ್ಲಿ ವಸ್ತು ತಿರುಗಿಬಿದ್ದು ತಪ್ಪನ್ನು ತೋರಿಸುತ್ತದೆ. ಅಷ್ಟು ಎತ್ತರದ ಮೇಜಿಗೆ ಬೆಲ್ಜಿಯನ್ ಕೂಲಿಯವನ ಮಾತು ತಲುಪುವ ದಾರಿಯೇ ಇರಲಿಲ್ಲ.

1925ರಲ್ಲಿ ಜರ್ಮನಿಯ ದೊಡ್ಡ ರಾಸಾಯನಿಕ ಕಂಪನಿಗಳು ಐ.ಜಿ. ಫಾರ್ಬೆನ್ ಹೆಸರಿನಲ್ಲಿ ಒಂದಾದಾಗ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷತೆ ಅವನದಾಯಿತು. 1935ರಲ್ಲಿ ಲೆವರ್ಕೂಸನ್‌ನಲ್ಲೇ ತೀರಿಕೊಂಡ. ಅಲ್ಲಿನ ಕಟ್ಟಡಗಳಿಗೆ ಇಂದಿಗೂ ಒಂದು ಅಕ್ಷರ, ಒಂದು ಸಂಖ್ಯೆಯೇ ಗುರುತು.