ಅಬೋಕೆಯ ಮೂವತ್ತು ಮಕ್ಕಳು ಮತ್ತು ಸಮ್ಮತಿಯ ಪ್ರಶ್ನೆ

1996ರ ಅಕ್ಟೋಬರ್ 9 ಉಗಾಂಡದ ಸ್ವಾತಂತ್ರ್ಯ ದಿನ. ಅಂದು ರಾತ್ರಿ, 10ರ ಬೆಳಕು ಹರಿಯುವ ಮುನ್ನ, ದೇಶದ ಉತ್ತರ ಭಾಗದ ಅಬೋಕೆ ಎಂಬ ಊರಿನ ಸಂತ ಮರಿಯಮ್ಮನವರ ಶಾಲೆಗೆ ‘ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ’ಯ ಬಂಡುಕೋರರು ನುಗ್ಗಿ ವಸತಿಗೃಹದಿಂದ 139 ಬಾಲಕಿಯರನ್ನು ಎಳೆದೊಯ್ದರು. ಶಾಲೆಯ ಉಪಮುಖ್ಯೋಪಾಧ್ಯಾಯಿನಿ, ಇಟಲಿ ಮೂಲದ ಧರ್ಮಭಗಿನಿ ರಾಕೆಲೆ ಫಸ್ಸೆರಾ, ಬೆಳಗಾದೊಡನೆ ಒಬ್ಬ ಶಿಕ್ಷಕರನ್ನು ಜೊತೆಗೆ ಕರೆದುಕೊಂಡು ಪೊದೆಗಾಡಿನಲ್ಲಿ ಹೆಜ್ಜೆಗುರುತುಗಳ ಜಾಡು ಹಿಡಿದು ನಡೆದರು. ಬಂಡುಕೋರರನ್ನು ಕಂಡು, ಅವರ ನಾಯಕನ ಮುಂದೆ ಮೊಣಕಾಲೂರಿ ಬೇಡಿದರು. ಆತ 109 ಮಂದಿಯನ್ನು ಬಿಟ್ಟುಕೊಟ್ಟು 30 ಮಂದಿಯನ್ನು ಉಳಿಸಿಕೊಂಡನು.

ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಅರಸಿ ಹೊರಟ ಕುರಿಗಾಹಿಯ ಸಾಮತಿಯನ್ನು ಈ ಘಟನೆಗೆ ಅನ್ವಯಿಸಿ ಬೋಧಿಸುವುದು ಸುಲಭ. ನನಗೆ ಅದು ಸಲ್ಲದೆನಿಸುತ್ತದೆ. ಇಲ್ಲಿ ಕುರಿಗಾಹಿ ಮೂವತ್ತನ್ನು ಬಿಟ್ಟು ಹಿಂದಿರುಗಬೇಕಾಯಿತು. ಆದರೆ ಆ ಧರ್ಮಭಗಿನಿಯೂ ಮಕ್ಕಳ ಪೋಷಕರೂ ಅಲ್ಲಿಗೇ ನಿಲ್ಲಲಿಲ್ಲ. ಜಗದ್ಗುರು ಎರಡನೇ ಜಾನ್ ಪೌಲರು ಬಹಿರಂಗವಾಗಿ ಮನವಿ ಮಾಡುವವರೆಗೂ ಅವರ ಮೊರೆ ಮುಟ್ಟಿತು. ಪೋಷಕರು ಸಂಘವೊಂದನ್ನು ಕಟ್ಟಿ, ತಮ್ಮ ಮಕ್ಕಳಿಗಾಗಿ ಮಾತ್ರವಲ್ಲದೆ ಅಪಹೃತರಾದ ಎಲ್ಲ ಮಕ್ಕಳಿಗಾಗಿ ದನಿಯೆತ್ತಿದರು. ಆ ಮೂವತ್ತರಲ್ಲಿ ಕೆಲವರು ಸೆರೆಯಲ್ಲೇ ಸತ್ತರು. ಉಳಿದವರು ವರ್ಷಗಳ ಅಂತರದಲ್ಲಿ ಒಬ್ಬೊಬ್ಬರಾಗಿ, ಹಲವರು ಕಂಕುಳಲ್ಲಿ ಕೂಸು ಹೊತ್ತು, ತಪ್ಪಿಸಿಕೊಂಡು ಬಂದರು.

ಜೋಸೆಫ್ ಕೋನಿಯ ಈ ಪಡೆಗೆ ಸ್ವಇಚ್ಛೆಯಿಂದ ಸೇರಿದವರು ಅತ್ಯಲ್ಪ. 1980ರ ದಶಕದ ಕೊನೆಯಿಂದ ಅದು ಅಪಹರಿಸಿದ ಮಕ್ಕಳ ಸಂಖ್ಯೆ ಇಪ್ಪತ್ತು ಸಾವಿರಕ್ಕೂ ಮಿಗಿಲೆಂದು ಅಂದಾಜಿಸಲಾಗಿದೆ. ವಯಸ್ಕರು ಓಡಿಹೋಗುತ್ತಾರೆ, ಮಕ್ಕಳನ್ನು ಬಗ್ಗಿಸಬಹುದು. ಲೆಕ್ಕಾಚಾರ ಅಷ್ಟೇ ಸರಳ. ಹೊಸದಾಗಿ ತಂದ ಮಗುವಿನ ಕೈಯಿಂದಲೇ ಊರಿನವನನ್ನೋ ಒಡಹುಟ್ಟಿದವನನ್ನೋ ಕೊಲ್ಲಿಸಿ, ಮನೆಗೆ ಮರಳುವ ದಾರಿಯನ್ನು ಮುಚ್ಚುತ್ತಿದ್ದರು. ಬಾಲಕಿಯರನ್ನು ದಂಡನಾಯಕರಿಗೆ ‘ಹೆಂಡತಿ’ಯರೆಂದು ಹಂಚುತ್ತಿದ್ದರು. ದೈವಶಾಸ್ತ್ರದ ವಿದ್ಯಾರ್ಥಿಯನ್ನು ಹೆಚ್ಚು ಕಲಕಬೇಕಾದ ಸಂಗತಿ ಇನ್ನೊಂದಿದೆ: ಅಪಹೃತರ ಮೈಮೇಲೆ ಶಿಯಾ ಬೀಜದ ಎಣ್ಣೆಯಿಂದ ಶಿಲುಬೆಯ ಗುರುತನ್ನು ಹಾಕಲಾಗುತ್ತಿತ್ತು. ದೃಢೀಕರಣ ಸಂಸ್ಕಾರದ ತೈಲಲೇಪನವನ್ನು ನೆನಪಿಸುವ ಕ್ರಿಯೆಯೊಂದು ಇಲ್ಲಿ ಗುಲಾಮಗಿರಿಯ ಮುದ್ರೆಯಾಯಿತು. ಹತ್ತು ಆಜ್ಞೆಗಳ ರಾಜ್ಯವನ್ನು ಕಟ್ಟುತ್ತೇವೆಂದು ಹೇಳಿಕೊಂಡವರು ಇವರು.

ಅಪಹರಣದ ಭಯದಿಂದ ಸಾವಿರಾರು ಮಕ್ಕಳು ಪ್ರತಿ ಸಂಜೆ ಹಳ್ಳಿಗಳಿಂದ ಗುಲು ಪಟ್ಟಣಕ್ಕೆ ನಡೆದು ಬಂದು ಜಗುಲಿಗಳಲ್ಲಿ, ಬಸ್ ನಿಲ್ದಾಣದಲ್ಲಿ ಮಲಗುತ್ತಿದ್ದರು. 2003ರ ಜೂನ್ ತಿಂಗಳಲ್ಲಿ ಗುಲುವಿನ ಮಹಾಧರ್ಮಾಧ್ಯಕ್ಷ ಜಾನ್ ಬ್ಯಾಪ್ಟಿಸ್ಟ್ ಒಡಾಮ ಅವರು ಇತರ ಧಾರ್ಮಿಕ ಮುಖಂಡರೊಡನೆ ಹೋಗಿ ಅವರ ನಡುವೆಯೇ ರಾತ್ರಿಗಳನ್ನು ಕಳೆದರು. ಕ್ಯಾಥೋಲಿಕ್, ಆಂಗ್ಲಿಕನ್ ಹಾಗೂ ಮುಸ್ಲಿಂ ಮುಖಂಡರು ಒಂದಾಗಿ, ಮರಳಿ ಬಂದವರಿಗೆ ಕ್ಷಮಾದಾನ ನೀಡುವ ಕಾನೂನಿಗಾಗಿ ಒತ್ತಾಯಿಸಿದ್ದರು. 2000ದಲ್ಲಿ ಆ ಕಾನೂನು ಬಂದಿತ್ತು.

ಮಾರಕ ಪಾಪಕ್ಕೆ ಗುರುತರ ವಿಷಯ, ಪೂರ್ಣ ಅರಿವು, ಪೂರ್ಣ ಸಮ್ಮತಿ ಬೇಕೆಂದು ನಾವು ತರಗತಿಯಲ್ಲಿ ಕಲಿಸುತ್ತೇವೆ. ಡೊಮಿನಿಕ್ ಒಂಗ್ವೆನ್ನನ ಮುಂದೆ ಈ ಸೂತ್ರ ತಡವರಿಸುತ್ತದೆ. ಸುಮಾರು ಒಂಬತ್ತರ ವಯಸ್ಸಿನಲ್ಲಿ, ಶಾಲೆಗೆ ಹೋಗುವ ದಾರಿಯಲ್ಲಿ, ಆತನೂ ಅಪಹೃತನಾದವನು. ಬೆಳೆದು ದಂಡನಾಯಕನಾಗಿ, ತನಗಾದುದನ್ನೇ ಇತರ ಮಕ್ಕಳಿಗೆ ಮಾಡಿದನು. ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು 2021ರ ಫೆಬ್ರವರಿಯಲ್ಲಿ 61 ಆರೋಪಗಳಲ್ಲಿ ಆತನನ್ನು ಅಪರಾಧಿಯೆಂದು ಘೋಷಿಸಿತು. ಬಲವಂತಕ್ಕೊಳಗಾಗಿ ಮಾಡಿದೆನೆಂಬ ವಾದವನ್ನು ತಳ್ಳಿಹಾಕಿತು. ಆದರೂ ಶಿಕ್ಷೆ ನಿಗದಿಪಡಿಸುವಾಗ ಆತನ ಬಾಲ್ಯವನ್ನು ಪರಿಗಣಿಸಿ, ಜೀವಾವಧಿಯ ಬದಲು 25 ವರ್ಷ ವಿಧಿಸಿತು. ಸಮ್ಮತಿ ಒಂದೇ ಕ್ಷಣದಲ್ಲಿ ಇದೆ ಅಥವಾ ಇಲ್ಲ ಎನ್ನುವ ವಸ್ತುವಲ್ಲ, ಕಸಿದುಕೊಂಡದ್ದು ಕಾಲಕ್ರಮದಲ್ಲಿ ಭಾಗಶಃ ಮರಳಿ ಬರಬಲ್ಲದು ಎಂಬುದನ್ನು ಆ ನ್ಯಾಯಾಧೀಶರು ನಮ್ಮ ಕೈಪಿಡಿಗಳಿಗಿಂತ ಚೆನ್ನಾಗಿ ಗ್ರಹಿಸಿದರೆಂದು ನನ್ನ ಅಭಿಪ್ರಾಯ. ಒಂಬತ್ತರ ಹುಡುಗನನ್ನೂ ಇಪ್ಪತ್ತು ದಾಟಿದ ದಂಡನಾಯಕನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು; ಇಬ್ಬರೂ ಬೇರೆ ಬೇರೆ ವ್ಯಕ್ತಿಗಳೆಂದು ನಟಿಸಲೂ ಆಗದು.

ಅಚೋಲಿ ಜನರಲ್ಲಿ ಬೇರೊಂದು ಪದ್ಧತಿಯಿದೆ. ದೂರ ಹೋಗಿ ಮರಳಿದವನು ಮನೆಯ ಅಂಗಳಕ್ಕೆ ಕಾಲಿಡುವ ಮುನ್ನ ಹಸಿ ಮೊಟ್ಟೆಯೊಂದನ್ನು ತುಳಿದು ಒಡೆಯುತ್ತಾನೆ. ಏನು ಮಾಡಿದೆ ಎಂದು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಕೊಲೆಗೆ ಸಂಬಂಧಿಸಿದ ರಾಜಿ ಬೇರೆ: ಅದರಲ್ಲಿ ಒಪ್ಪಿಕೊಳ್ಳಬೇಕು, ಪರಿಹಾರ ಕೊಡಬೇಕು, ಕೊನೆಗೆ ಎರಡೂ ಕುಲದವರು ಒಂದೇ ಸೋರೆಬುರುಡೆಯಿಂದ ಕಹಿ ಬೇರಿನ ಪಾನೀಯವನ್ನು ಕುಡಿಯಬೇಕು.