12,34,56,54,321
ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ದಾಟುವ ಈ ಹನ್ನೊಂದು ಅಂಕಿಗಳ ಪೂರ್ಣಾಂಕವನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಒಂದರಿಂದ ಆರರವರೆಗೆ ಏರಿ, ಅದೇ ಕ್ರಮದಲ್ಲಿ ಇಳಿಯುವ ಈ ಸಂಖ್ಯೆಯನ್ನು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ, 9ನೇ ಶತಮಾನದ ತನ್ನ ಸಂಸ್ಕೃತ ಕೃತಿ ‘ಗಣಿತಸಾರಸಂಗ್ರಹ’ದಲ್ಲಿ ವರ್ಣಿಸಿದ್ದಾನೆ. ಅವನ ಗುಣಾಕಾರ: 2,79,94,681 × 441.

ಈ ಎರಡೂ ಅಪವರ್ತನಗಳು ಪೂರ್ಣವರ್ಗಗಳು. ಮೊದಲನೆಯದು 5,291ರ ವರ್ಗ, ಎರಡನೆಯದು 21ರ ವರ್ಗ. ಹಾಗಾಗಿ ಗುಣಲಬ್ಧವು 1,11,111ರ ವರ್ಗವಾಗುತ್ತದೆ. ಆರು ಒಂದುಗಳ ಸಾಲನ್ನು ಒಂದೊಂದು ಸ್ಥಾನ ಸರಿಸಿ ಆರು ಬಾರಿ ಬರೆದು ಕೂಡಿದರೆ, ಯಾವ ಕಂಬಸಾಲಿನ ಮೊತ್ತವೂ ಆರನ್ನು ಮೀರುವುದಿಲ್ಲ. ದಶಕ ಒಯ್ಯುವ ಪ್ರಮೇಯವೇ ಬಾರದೆ ಅಂಕಿಗಳ ಏರಿಳಿತ ಅಚ್ಚುಕಟ್ಟಾಗಿ ಉಳಿಯುತ್ತದೆ. ಒಂಬತ್ತು ಒಂದುಗಳವರೆಗೂ ಈ ವಿನ್ಯಾಸ ನಡೆಯುತ್ತದೆ. ಹತ್ತು ಒಂದುಗಳ ವರ್ಗ 1234567900987654321; ಅಲ್ಲಿ ದಶಕ ನುಗ್ಗಿ ಸಾಲು ಮುರಿಯುತ್ತದೆ.

12,34,56,54,321ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ಪ್ರತಿಯೊಂದೂ ಎರಡೆರಡು ಬಾರಿ ಬರುತ್ತದೆ. ಆದ್ದರಿಂದ ಭಾಜಕಗಳು ಒಟ್ಟು 243.

ಅಂಕಿಗಳ ಮೊತ್ತ 36, ಅದೂ ಆರರ ವರ್ಗ.

ಇದು ಬೆಸ ಸಂಖ್ಯೆ, ಆದರೂ ‘ಸಮೃದ್ಧ ಸಂಖ್ಯೆ’. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 13,02,98,70,672, ಅಂದರೆ ಸಂಖ್ಯೆಗಿಂತ ಹೆಚ್ಚು. ಬೆಸ ಸಂಖ್ಯೆಗಳಲ್ಲಿ ಈ ಗುಣ ವಿರಳ; ಅಂಥವುಗಳಲ್ಲಿ ಅತಿ ಚಿಕ್ಕದು 945.